ಸಾಹೇಬರು ಮೇಜಿನಿಂದ ಜಿಗಿದದ್ದು

ಹುಡುಗರಿಗೆ ವಿಚಾರ ಮಾಡೋದು ಕಲಸ್ತೀನಿ ಅಂತ ಹೊಂಟವನಿಗೆ ಇಂಥವು ಆಗದ ಬಿಡಂಗಿಲ್ಲ. ನಿಜಾಮರ ಆಡಳಿತ ಹೋದ ಹೊಸದು. ಹುಮನಾಬಾದ ಸಾಲ್ಯಾಗ ಉರ್ದು ಪುಸ್ತಕ ಕಟ್ಟಿಟ್ಟಿದ್ರು, ಕನ್ನಡದ್ದು ಇನ್ನೂ ಬಂದಿರಲಿಲ್ಲ. ನಾನು ಅಲ್ಲಿ ಭೌತಶಾಸ್ತ್ರದ ಹಂಗಾಮಿ ಮಾಸ್ತರ. ತಪಾಸಣಿಗೆ ಬರೋ ಸಾಹೇಬರು ಮೆಚ್ಚಿದ್ರ ನೌಕರಿ ಕಾಯಂ, ಸಿಟ್ಟಾದ್ರ ಮನಿಗೆ, ಎರಡೂ ಇಲ್ಲಂದ್ರ ಮುಂದಿನ ವರ್ಷ ಮತ್ತ ತಪಾಸಣಿ. ಕಲ್ಯಾಣದಾಗ ನನಗ ಹೆಣ್ಣು ಕೊಡೋ ಮಾವನವರೂ ಅದನ್ನ ಕಾಯಾಕತ್ತಿದ್ರು.

೧. ಮೊದಲ ಪಾಠ

ದೊಡ್ಡ ಕಲ್ಲೊಂದು, ಸಣ್ಣ ಕಲ್ಲೊಂದು ಹಿಡಕೊಂಡು ಕೇಳಿದೆ: "ಎರಡೂ ಕೂಡೇ ಬಿಟ್ರ ಯಾವುದು ಮೊದಲ ನೆಲಾ ಮುಟ್ತದ?"

ಇಡೀ ವರ್ಗ ಎದ್ದು ಕೈ ಕಟ್ಟಿ ನಿಂತಿತು. "ನೀವು ಯಾವುದಕ್ಕ ಹೇಳ್ತೀರಿ, ಅದರಿ."

"ಕಲ್ಲು ನನ್ನ ಮಾತು ಕೇಳ್ತಾವೇನ್ರೋ?"

"ಮಾಸ್ತರ ಮಾತು ಕೇಳದ ಎಲ್ಲಿ ಹೋಗ್ತಾವರಿ."

೨. ಗಡಿಗಿ

"ನಾ ಹೇಳಿದ್ದು ನಂಬಬ್ಯಾಡ್ರಿ, ಮನ್ಯಾಗ ಮಾಡಿ ನೋಡ್ರಿ" ಅಂದೆ. ಮರುದಿನ ಘಾಟಬೋರಾಳದ ಹುಡುಗನ ಅಪ್ಪ ಒಡೆದ ಗಡಿಗಿ ಚೂರು ಟವಲಿನಾಗ ಕಟ್ಟಿಕೊಂಡು ಬಂದ. ಮಗ ಮಾಳಿಗಿ ಮ್ಯಾಲಿಂದ ಗಡಿಗಿ, ತಂಬಿಗಿ ಕೂಡೇ ಬಿಟ್ಟಿದ್ನಂತ. ಬೈತಾನಂತ ನಾನ ಮೊದಲ ಕೈ ಮುಗದೆ.

"ಬೈಲಾಕ ಬಂದಿಲ್ರಿ. ಎರಡೂ ಕೂಡೇ ಬಿದ್ದಾವು, ಕಣ್ಣಾರೆ ನೋಡೀನಿ. ಆದ್ರ ನಮ್ಮಾಕಿ ನಂಬವಲ್ಲಳು. ಆಕೀಗೆ ತೋರಸಾಕ ಮನ್ಯಾಗ ಗಡಿಗಿ ಉಳಿದಿಲ್ಲ. ಸಾಲ್ಯಾಂದೊಂದು ಕೊಡ್ರಿ."

೩. ತಪಾಸಣಿ

ಸಾಹೇಬರು ಬಂದ್ರು. ಒಳ್ಳೇ ಭಾರೀ ಆಳು. ಅವರು ಕೆಮ್ಮಿದ್ರೂ ಹೆಡ್ ಮಾಸ್ತರು "ಬರೋಬ್ಬರಿ, ಖರೇ ಅದ ಸಾಹೇಬ್ರ" ಅನ್ನೋರು.

"ಭಾರದ್ದು ಮೊದಲ ಬೀಳ್ತದ, ಹೌದಿಲ್ಲೋ?" ಅಂತ ಸಾಹೇಬರು ಹುಡುಗರನ್ನ ಕೇಳಿದ್ರು. ನಾ ಕಲಿಸಿದ್ದು ಇದರ ಉಲ್ಟಾ.

ವರ್ಷಿಡೀ ಬಾಯಿ ಬಿಡದಿದ್ದ ರಾಜೇಶ್ವರದ ಹುಡುಗ ಎದ್ದ. "ಮಾಡಿ ನೋಡೂಣ್ರಿ. ನೀವು ಭಾರ ಅದೀರಿ, ನಮ್ಮ ಸರ್ ಬಡಕಲ ಅದಾರ. ಇಬ್ಬರೂ ಮೇಜಿನ ಮ್ಯಾಲಿಂದ ಕೂಡೇ ಜಿಗೀರಿ."

ನೌಕರಿನೂ ಹೋತು, ಹೆಣ್ಣೂ ಹೋತು ಅನಕೊಂಡೆ. ಆದ್ರ ಅವ ಬಾಯಿ ಬಿಟ್ಟದ್ದಕ್ಕ ಖುಷಿನೂ ಆತು, ಸುಳ್ಳ್ಯಾಕ ಹೇಳಲಿ. ಸಾಹೇಬರು ಹಟಮಾರಿ. ಶೇರವಾನಿ ಗುಂಡಿ ಬಿಚ್ಚಿ ಮೇಜು ಹತ್ತೇಬಿಟ್ರು. ಬಾಜೂಕ ನಾನೂ ಹತ್ತಿದೆ. ಜಿಗದ್ವಿ.

"ಸಾಹೇಬರ ಮೊದಲ ಮುಟ್ಟಿದ್ರು" ಅಂದ್ರು ಹೆಡ್ ಮಾಸ್ತರು.

"ಇಲ್ರಿ, ಕೂಡೇ ಮುಟ್ಟಿದ್ರು" ಅಂದ ಹುಡುಗ. "ಅನುಮಾನ ಇದ್ರ ಮತ್ತೊಮ್ಮೆ ಜಿಗೀಲಿ." ವರ್ಗದಾಗಿನ ಹುಡುಗರೆಲ್ಲ ಆಗಲೇ ಮೇಜು ಸರಿ ಮಾಡಾಕತ್ತಿದ್ರು.

ಸಾಹೇಬರು ನೆಲದ ಮ್ಯಾಲ ಕುಂತು ಸ್ವಂಟ ಹಿಡಕೊಂಡಿದ್ರು. "ಕೂಡೇ ಮುಟ್ಟೀವಿ, ಕೂಡೇ ಮುಟ್ಟೀವಿ" ಅಂದು ಹೆಡ್ ಮಾಸ್ತರ ಕಡೆ ತಿರುಗಿದ್ರು. "ಈ ಮಾಸ್ತರನ್ನ ಇವತ್ತ ಕಾಯಂ ಮಾಡ್ರಿ. ಇಲ್ಲಂದ್ರ ಮುಂದಿನ ವರ್ಷ ಇವರ ತಪಾಸಣಿಗೆ ನಾ ಮತ್ತ ಬರಬೇಕಾಗ್ತದ."