ಮೂರು ದಾರಿ, ಒಂದೇ ಮೈಕು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ. ಹತ್ತನೇ ತರಗತಿಯ ಗಣಿತದ ಪರೀಕ್ಷೆ ಮುಗಿಸಿ ಹೊರಬಂದವನು ಫಲಿತಾಂಶಕ್ಕೂ ಕಾಯದೆ ಪೀಣ್ಯದ ಬಸ್ಸು ಹತ್ತಿದೆ. "ನೀವು ಓದು ಬಿಡಲಿಲ್ಲ, ಓದೇ ನಿಮ್ಮನ್ನ ಬಿಡ್ತು" ಎಂದು ನನ್ನ ಹೆಂಡತಿ ಗಿರಿಜಾ ಆಗಾಗ ತಿದ್ದುತ್ತಾಳೆ. ಇರಲಿ. ಯಾರು ಯಾರನ್ನು ಬಿಟ್ಟರೂ ಆಮೇಲೆ ನಾನೂ ಓದೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಲಿಲ್ಲ. ಕಾರ್ಖಾನೆಯ ಕಸ ಗುಡಿಸುವುದರಿಂದ ಶುರುಮಾಡಿ, ಪವರ್ ಪ್ರೆಸ್ ಓಡಿಸುವುದನ್ನು ಕಲಿತು, ಕೊನೆಗೆ ಮಾಕಳಿಯಲ್ಲಿ ಬಾಡಿಗೆ ಶೆಡ್ ಹಿಡಿದು ನನ್ನದೇ ಒಂದು ಪ್ರೆಸ್ ನಿಲ್ಲಿಸಿದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲ್ ತುಳಿದರೆ ಮೇಲಿನಿಂದ ಭಾರ ಧಡ್ಡೆಂದು ಬೀಳುತ್ತದೆ, ಕೆಳಗೆ ಬಾಗಿಲ ಚಿಲಕದ ಪಟ್ಟಿ ತಯಾರು. ಈ ಕಸುಬಿನಲ್ಲಿ ತಗಡಿಗೆ ಏನನ್ನೂ ಮನವರಿಕೆ ಮಾಡಿಕೊಡಬೇಕಿಲ್ಲ. ಹಾಗಾಗಿ ಮಾತಿನಿಂದ ಜನರನ್ನು ಒಪ್ಪಿಸುವ ವಿದ್ಯೆಯೊಂದಿದೆ, ಅದನ್ನು ಸಂಬಳಕ್ಕೆ ಕಲಿಸುವವರಿದ್ದಾರೆ ಎಂಬುದು ನಲವತ್ತೆಂಟನೇ ವಯಸ್ಸಿನವರೆಗೆ ನನಗೆ ಗೊತ್ತೇ ಇರಲಿಲ್ಲ.

ಗೊತ್ತಾಗಿದ್ದು ನಮ್ಮ ಶೆಡ್ಡಿನ ಗೋಡೆಗೆ ಅಂಟಿಕೊಂಡಂತೆ ಅಪಾರ್ಟ್‌ಮೆಂಟ್ ಎದ್ದ ಮೇಲೆ. ಪ್ರೆಸ್ಸಿನ ಸದ್ದಿಗೆ ಅಲ್ಲಿನವರ ಗಾಜಿನ ಲೋಟಗಳು ಕುಣಿಯುತ್ತವಂತೆ. ಒಂದು ದಿನ ಅವರ ಸಂಘದಿಂದ ಪತ್ರ ಬಂತು. ನಿಮ್ಮ ಯಂತ್ರ ನಿಲ್ಲಿಸುವಂತೆ ಮಾಲಿನ್ಯದ ಕಚೇರಿಗೆ ಅರ್ಜಿ ಕೊಡಬೇಕೆಂದಿದ್ದೇವೆ, ಭಾನುವಾರ ಸಭೆ ಇದೆ, ಬೇಕಾದರೆ ಬಂದು ಹತ್ತು ನಿಮಿಷ ಮಾತಾಡಿ ಎಂದು. ಅರ್ಜಿ ಹೋದರೆ ಶೆಡ್ ಖಾಲಿ ಮಾಡಬೇಕು ಎಂದು ಶೆಡ್ಡಿನ ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು. ನನ್ನ ಮೂವತ್ತು ವರ್ಷದ ದುಡಿಮೆ, ನನ್ನಲ್ಲಿ ಕೆಲಸ ಮಾಡುವ ಮೂವರ ಅನ್ನ, ಎಲ್ಲವೂ ಹತ್ತು ನಿಮಿಷದ ಮಾತಿನ ಮೇಲೆ ನಿಂತಿತು.

ನನ್ನ ಮಗಳು ಸಹನಾ ದಿನಾ ಮೆಟ್ರೋದಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಹೊಸಬರಿಗೆ ಸಭೆಯಲ್ಲಿ ಮಾತಾಡುವುದನ್ನು ಹೇಳಿಕೊಡುತ್ತಾಳೆ. ಇಂಗ್ಲಿಷ್ ಕಲಿಸುತ್ತಾಳೆ ಎಂದು ನಾನು ತಿಳಿದಿದ್ದೆ. ಪತ್ರ ಓದಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಅಪ್ಪಾ, ಜನರನ್ನ ಒಪ್ಪಿಸೋಕೆ ಮೂರು ದಾರಿ. ಒಂದು ಲಾಜಿಕ್, ಮಾತು ತರ್ಕಕ್ಕೆ ಕೂರಬೇಕು. ಎರಡು, ಈ ಮನುಷ್ಯನ್ನ ನಂಬಬಹುದು ಅಂತ ಅನ್ನಿಸಬೇಕು. ಮೂರು ಎಮೋಷನ್, ಕೇಳೋರ ಮನಸ್ಸು ಮುಟ್ಟಬೇಕು."

"ಯಾವುದು ಎಷ್ಟು ಹಾಕಬೇಕು?"

"ಎಷ್ಟು ಅಂದ್ರೆ?"

"ಅಲ್ಲಮ್ಮಾ, ಅಳತೆ ಅಂತ ಒಂದು ಇರುತ್ತಲ್ಲ. ಡ್ರಾಯಿಂಗ್‌ನಲ್ಲಿ ಬರೆದಿರ್ತಾರೆ, ಇಷ್ಟು ಎಂ.ಎಂ., ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ ಅಂತ."

"ಅಪ್ಪಾ, ಇದು ಚಿಲಕ ಅಲ್ಲ."

ಚಿಲಕ ಅಲ್ಲ ಎಂಬುದಷ್ಟೇ ನನಗೆ ಅರ್ಥವಾಗಿದ್ದು. ಅಳತೆಯಿಲ್ಲದ ಕೆಲಸವನ್ನು ನಾನು ಎಂದೂ ಒಪ್ಪಿಕೊಂಡವನಲ್ಲ. ಆದರೂ ಹಳೆಯ ಡೈರಿಯಲ್ಲಿ ಮೂರು ಕಾಲಂ ಎಳೆದು ಕೂತೆ. ನನ್ನ ಹತ್ತಿರ ಇದ್ದ ಅತ್ಯುತ್ತಮ ಸರಕೆಂದರೆ ನನ್ನ ಹತ್ತು ಬೆರಳು. ಹೊರಗಿನವರಿಗೆ ಇದು ವಿಶೇಷವಲ್ಲ. ಆದರೆ ನಮ್ಮ ಕಡೆ ಪ್ರೆಸ್ ಓಡಿಸುವವನು ಕೆಲಸ ಕೇಳಿಕೊಂಡು ಬಂದರೆ ಸರ್ಟಿಫಿಕೇಟ್ ಆಮೇಲೆ, ಮೊದಲು ಕೈ ಚಾಚು ಅನ್ನುತ್ತಾರೆ. ಹತ್ತೂ ಇದ್ದರೆ, ಒಂದನ್ನೂ ಪ್ರೆಸ್ಸಿಗೆ ಕೊಡದ ಹುಷಾರಿನ ಮನುಷ್ಯ ಎಂದರ್ಥ. ಸರಿ, ಇದನ್ನು ಯಾವ ಕಾಲಮ್ಮಿಗೆ ಬರೆಯುವುದು? "ಅದು ನಂಬಿಕೆ, ಎರಡನೇದು" ಎಂದಳು ಸಹನಾ. "ನಂಗಂತೂ ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ, ಮೂರನೇದು" ಎಂದಳು ಗಿರಿಜಾ. ಮರುದಿನ ನನ್ನ ಹಳೆಯ ಕೆಲಸಗಾರ ಮುನಿರಾಜುವನ್ನು ಕೇಳಿದೆ. ಅವನು ನೆಲಮಂಗಲದ ಆಚೆಯ ಹಳ್ಳಿಯವನು, ಯಾವುದನ್ನೂ ಕೂಡಲೇ ಹೇಳುವವನಲ್ಲ. ಚಹಾ ಮುಗಿಸಿ, "ಅಣ್ಣಾ, ಬೆರಳಿದ್ರೆ ತಾನೆ ಎಣಿಸಾಕಾಗೋದು? ಅಂಗಾರೆ ಅದು ಲೆಕ್ಕುದ್ದು. ಒಂದನೇದು" ಎಂದ. ಮೂವರು ಹೇಳಿದ್ದೂ ಸರಿ ಅನ್ನಿಸಿತು. ಬೆರಳುಗಳನ್ನು ಮೂರೂ ಕಾಲಮ್ಮಿಗೆ ಬರೆದುಕೊಂಡೆ.

ಶನಿವಾರ ಮನೆಯಲ್ಲಿ ತಾಲೀಮು. ಮೂರನೇ ಕಾಲಂ ಬರುವಾಗ ನಾನು ದನಿ ನಡುಗಿಸಲು ನೋಡಿದೆ. ಗಿರಿಜಾ ಕೈ ಅಡ್ಡ ಹಿಡಿದಳು. "ನೀವು ಮಾತ್ರ ಅಳೋಕೆ ಹೋಗ್ಬೇಡಿ. ನಮ್ಮ ಮದುವೆ ವಿಡಿಯೋದಲ್ಲಿ ನೋಡಿದೀನಿ, ಸೀನು ತಡ್ಕೊಂಡಿರೋ ಹಾಗೆ ಕಾಣ್ತೀರಾ." ಹಾಗಾಗಿ ಭಾವನೆಯ ಕೆಲಸವನ್ನು ಮುನಿರಾಜುವಿಗೆ ವಹಿಸಿದೆ. ನಾನು ಅವನ ಇಬ್ಬರು ಮಕ್ಕಳ ಓದಿನ ಮಾತು ಎತ್ತಿದಾಗ ಅವನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರಬೇಕು. ಅಷ್ಟೇ ಅವನ ಪಾತ್ರ.

ಭಾನುವಾರ ಹತ್ತೂವರೆಗೆ ಅವರ ಕ್ಲಬ್‌ಹೌಸಿನಲ್ಲಿ ಐವತ್ತು ಅರವತ್ತು ಜನ. ಸಂಘದ ಅಧ್ಯಕ್ಷೆ ಶೈಲಜಾ ಮೇಡಂ ದಾವಣಗೆರೆಯ ಕಡೆಯವರು. ಹಣೆಯಲ್ಲಿ ವಿಭೂತಿ, ಮುಖದಲ್ಲಿ ನಗು. "ಬರ್ರೀ, ಆರಾಮ್ ಕೂತು ಮಾತಾಡ್ರಿ" ಎಂದು ಇದ್ದ ಒಂದೇ ಮೈಕನ್ನು ನನ್ನ ಕೈಗೆ ಕೊಟ್ಟರು. ನಾನು ಕೂರಲಿಲ್ಲ. ಲಾಜಿಕ್‌ನಿಂದ ಶುರುಮಾಡಿದೆ. "ನೀವೆಲ್ಲ ಬಂದು ನಾಲ್ಕು ವರ್ಷ. ನನ್ನ ಪ್ರೆಸ್ ಬಂದು ಇಪ್ಪತ್ತು ವರ್ಷ. ಮೊದಲು ಬಂದದ್ದು ಯಾರು?" ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನ ದಪ್ಪ ಗಂಟಲಿನ ಒಬ್ಬರು ಎದ್ದು, "ಸಾರ್, ನಿಮ್ಮ ಪ್ರೆಸ್ಸಿಗಿಂತ ಮೊದ್ಲು ಇಲ್ಲಿ ರಾಗಿ ಹೊಲ ಇತ್ತು. ಹಾಗಾದ್ರೆ ಎಲ್ಲಾರೂ ಖಾಲಿ ಮಾಡೋಣ್ವಾ?" ಎಂದರು. ತಿರುಗಿಸಿ ನೋಡಿದೆ, ಅದೂ ತರ್ಕವೇ. ನನ್ನದಕ್ಕಿಂತ ಗಟ್ಟಿಯಾಗಿತ್ತು.

ಎರಡನೇ ಕಾಲಮ್ಮಿಗೆ ಹಾರಿದೆ. ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದೆ. ಮುಂದೆ ಕೂತಿದ್ದ ಮಕ್ಕಳು ಆಟವೆಂದುಕೊಂಡು ತಾವೂ ಹತ್ತು ಬೆರಳು ತೋರಿಸಿದವು. ನಾನು ವಿವರಿಸಿದೆ. ನಂಬಿಕೆ ಬರುವ ಬದಲು ಒಬ್ಬ ಹಿರಿಯ ಹೆಂಗಸು, "ಅಯ್ಯೋ ಶಿವನೇ, ಹಾಗಾದ್ರೆ ಮಿಕ್ಕೋರಿಗೆ ಬೆರಳು ಹೋಗುತ್ತಾ? ಇಂಥದ್ದು ನಮ್ಮ ಗೋಡೆ ಪಕ್ಕಾನಾ?" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಕೊನೆಯ ಆಸರೆ ಮುನಿರಾಜು. "ಅಲ್ಲಿ ಕೂತಿರೋ ಅವನ ಮುಖ ನೋಡಿ" ಎಂದು ಕೈ ತೋರಿಸಿದೆ. ಅರವತ್ತು ಮುಖಗಳು ತಿರುಗಿದವು. ಇಸ್ತ್ರಿ ಅಂಗಿ ತೊಟ್ಟ ಮುನಿರಾಜು ಅವರು ಕೊಟ್ಟ ಬಾದಾಮಿ ಹಾಲು ಕುಡಿಯುತ್ತ, ಅಷ್ಟು ಜನ ತನ್ನನ್ನು ನೋಡಿದ ಸಂತೋಷಕ್ಕೆ ಎದ್ದು ನಿಂತು ಹಲ್ಲು ಬಿಟ್ಟು ಎಲ್ಲರಿಗೂ ಕೈಮುಗಿದ.

ಆಗ ಶೈಲಜಾ ಮೇಡಂ ಎದ್ದರು. ಮೈಕು ನನ್ನ ಕಂಕುಳಲ್ಲೇ ಇತ್ತು. ಅವರು ಮೆಲುದನಿಯಲ್ಲಿ ಏನೋ ಹೇಳತೊಡಗಿದರು. ಪ್ರೆಸ್ ಶಾಪಿನವರ ಒಂದು ಅಭ್ಯಾಸ ಇಲ್ಲಿ ಹೇಳಬೇಕು. ಮೆಶಿನ್ ಓಡುವಾಗ ಎದುರಿನವನ ಬಾಯಿ ಆಡುವುದಷ್ಟೇ ಕಾಣುತ್ತದೆ. ಏನಂದೆ, ಏನಂದೆ ಎಂದು ಕೇಳುತ್ತ ನಿಂತರೆ ಕೆಲಸ ಸಾಗುವುದಿಲ್ಲ. ಅದಕ್ಕೇ ಎಲ್ಲರೂ ತಲೆಯಾಡಿಸಿಬಿಡುತ್ತೇವೆ. ಮೆಶಿನ್ ನಿಂತ ಮೇಲೂ ಕಿವಿ ಕೇಳುವುದು ಅಷ್ಟಕ್ಕಷ್ಟೇ, ತಲೆ ಮಾತ್ರ ಚೆನ್ನಾಗಿ ಆಡುತ್ತದೆ. ಮೇಡಂ ಒಂದು ಮಾತು ಹೇಳಿ ನಿಲ್ಲಿಸಿದರು, ನಾನು ತಲೆಯಾಡಿಸಿದೆ. ಇನ್ನೊಂದು ಹೇಳಿದರು, ಮತ್ತೆ ಆಡಿಸಿದೆ. ಮೂರನೆಯದಕ್ಕೆ ಇನ್ನೂ ಜೋರಾಗಿ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅರ್ಜಿ ಕೊಡುವುದಿಲ್ಲ ಎಂದು ದಪ್ಪ ಗಂಟಲಿನವರೇ ಕೂಗಿ ಹೇಳಿ ನನ್ನ ಕೈ ಕುಲುಕಿದರು.

ಅಲ್ಲಿಂದ ನೇರ ತುಮಕೂರು ರಸ್ತೆಯ ದರ್ಶಿನಿಗೆ ಹೋಗಿ ನಾನೂ ಮುನಿರಾಜುವೂ ಕಾಫಿ ಕುಡಿದೆವು. ಮೂರರಲ್ಲಿ ಯಾವುದಕ್ಕೆ ಜನ ಒಲಿದರು ಎಂಬುದೇ ನನಗೆ ತಿಳಿಯಲಿಲ್ಲ. "ನನ್ ನಗೀಗೆ ಅಣ್ಣಾ" ಎಂದ ಮುನಿರಾಜು. ಮನೆಗೆ ಬಂದು ಗಿರಿಜಾಳಿಗೆ ಭಾಷಣ ಪೂರ್ತಿ ಒಪ್ಪಿಸುತ್ತಿದ್ದೆ, ಅಷ್ಟರಲ್ಲಿ ಸಂಘದವರು ಸಭೆಯ ತೀರ್ಮಾನವನ್ನು ನನ್ನ ಫೋನಿಗೆ ಕಳಿಸಿದರು. ಸಹನಾ ಓದಿದಳು. ರಾತ್ರಿ ಪಾಳಿ ಮಾಡಿ ಬಂದವರು ಮಲಗುವುದರಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪ್ರೆಸ್ ಬಂದ್. ಸಂಜೆ ಆರರ ನಂತರ ಬಂದ್. ಪ್ರೆಸ್ಸಿನ ಅಡಿಗೆ ತಿಂಗಳೊಳಗೆ ರಬ್ಬರ್ ಪ್ಯಾಡ್. ಮೂರಕ್ಕೂ ನಾನು ತುಂಬು ಮನಸ್ಸಿನಿಂದ ಒಪ್ಪಿದ್ದೇನೆ, ಇಂಥ ನೆರೆಯವರು ಸಿಕ್ಕಿದ್ದು ಪುಣ್ಯ ಎಂದು ಕೊನೆಯಲ್ಲಿ ಬರೆದಿತ್ತು.

"ನಾನ್ಯಾವಾಗ ಒಪ್ಪಿದೆ?" ಎಂದು ಮುನಿರಾಜುವಿಗೆ ಫೋನು ಮಾಡಿದೆ.

"ಮೂರು ಕಿತಾನೂ ತಲೆ ಆಡಿಸಿದ್ರಲ್ಲಣ್ಣಾ. ನೀವು ಆಡಿಸಿದ್ರಿ ಅಂತ ನಾನೂ ಆಡಿಸ್ದೆ."

"ನಿಂಗೆ ಕೇಳಿಸ್ತಾ ಅವರು ಹೇಳಿದ್ದು?"

"ನಂಗೆಲ್ ಕೇಳಿಸ್ತದಣ್ಣಾ!"

"ಹೋಗಿ ಹೇಳ್ಬಿಡಿ, ಕಿವಿ ಸರಿಯಾಗಿ ಕೇಳ್ಸಲ್ಲ, ಗೊತ್ತಾಗ್ಲಿಲ್ಲ ಅಂತ" ಎಂದಳು ಗಿರಿಜಾ. ಚಪ್ಪಲಿ ಮೆಟ್ಟಿಕೊಂಡು ಅವರ ಗೇಟಿನವರೆಗೂ ಹೋದೆ. ಕಾವಲುಗಾರ ಎದ್ದು ನಿಂತು, "ಸಾರ್, ಮೇಡಂ ನಿಮ್ಮನ್ನ ತುಂಬಾ ಹೊಗಳ್ತಿದ್ರು, ಕೊಟ್ಟ ಮಾತಿಗೆ ನಿಲ್ಲೋ ಮನುಷ್ಯ ಅಂತೆ" ಎಂದ. ಇದನ್ನು ಕೇಳಿದ ಮೇಲೆ, ನಾನು ಕಿವುಡ ಎಂದು ಹೇಳಿ ಬರಲು ಯಾರಿಗೆ ಕಾಲು ಬರುತ್ತದೆ? ಅವನಿಗೂ ಒಮ್ಮೆ ತಲೆಯಾಡಿಸಿ ವಾಪಸು ಬಂದೆ.

ಸಹನಾಳ ಮೂರು ದಾರಿಗಳ ಬಗ್ಗೆ ಈಗಲೂ ಯೋಚಿಸುತ್ತೇನೆ, ತಲೆ ಕೆಡುತ್ತದೆ. ನನ್ನ ತರ್ಕ ಯಾರನ್ನೂ ಒಪ್ಪಿಸಲಿಲ್ಲ. ಕೆಲಸ ತಿಳಿದವನು ಎಂದು ತೋರಿಸಹೋದರೆ ಜನ ಹೆದರಿದರು. ಒಪ್ಪಿಯೇ ಇರದ ಷರತ್ತುಗಳಿಂದ ಕೊಟ್ಟ ಮಾತಿಗೆ ನಿಲ್ಲುವವನು ಎಂಬ ಹೆಸರು ಬಂತು. ಸಹನಾ ಇದನ್ನೀಗ ತನ್ನ ಕ್ಲಾಸಿನಲ್ಲಿ ಉದಾಹರಣೆಯಾಗಿ ಹೇಳುತ್ತಾಳಂತೆ. ಯಾವುದಕ್ಕೆ ಉದಾಹರಣೆ ಎಂದು ಕೇಳಿದರೆ ನಗುತ್ತಾಳೆ. ನನ್ನನ್ನು ಪೂರ್ತಿಯಾಗಿ ಒಪ್ಪಿಸಿದ ಭಾಷಣ ನನ್ನ ಜೀವಮಾನದಲ್ಲಿ ಶೈಲಜಾ ಮೇಡಂ ಅವರದೊಂದೇ. ಅದರಲ್ಲಿ ಒಂದು ಶಬ್ದವೂ ನನಗೆ ಕೇಳಿಸಿರಲಿಲ್ಲ.

ಅರ್ಜಿ ಹೋಗಲಿಲ್ಲ, ಶೆಡ್ ಉಳಿಯಿತು. ಈಗ ನನ್ನ ಬಳಿ ಇರುವುದು ಇಷ್ಟು: ಪ್ರೆಸ್ ಒಂದು, ಅದರ ಅಡಿಗೆ ರಬ್ಬರ್ ಪ್ಯಾಡ್ ನಾಲ್ಕು, ಕೆಲಸಗಾರರು ಮೂವರು, ಮಧ್ಯಾಹ್ನದ ನಿದ್ದೆ ಎರಡು ಗಂಟೆ, ಸುಮಾರಾಗಿ ಕೇಳುವ ಕಿವಿ ಒಂದು.