ಗಾಂಧಿ ಯಾರ ಕಡೆ, ಅಂಬೇಡ್ಕರ್ ಯಾರ ಕಡೆ

ಕಲ್ಯಾಣಿ ಅವತ್ತು ಒಂದೇ ಒಂದು ಮಾತು ಕೇಳಬೇಕಿತ್ತು. ನಾಚಿಕೆಯಾಗಿ ಕೇಳಲಿಲ್ಲ. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಅವಳು ಸುಬ್ರಹ್ಮಣ್ಯಪುರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೇರೆಯವರ ಮಕ್ಕಳ ಪ್ರಾಜೆಕ್ಟ್‌ಗಳನ್ನು ಟೈಪು ಮಾಡುತ್ತಲೇ ಓದಿಬಿಡುತ್ತಿದ್ದಳು. ಗಣರಾಜ್ಯೋತ್ಸವದ ಬೆಳಿಗ್ಗೆ ಶಟರ್ ಅರ್ಧ ಎತ್ತಿದ್ದಳಷ್ಟೆ, ಬೈರಣ್ಣ ತಾತ ಬಗ್ಗಿಕೊಂಡು ಒಳಗೆ ಬಂದರು. ಬಡಾವಣೆಯ ಸಂಘದಲ್ಲಿ ಹಿರಿಯರಿಗೆ ಭಾಷಣ ಸ್ಪರ್ಧೆ: ಸ್ವಾತಂತ್ರ್ಯ, ಸಮಾನತೆಗೆ ಗಾಂಧಿ ದಾರಿಯೋ, ಅಂಬೇಡ್ಕರ್ ದಾರಿಯೋ?

"ಒಂದ್ ಪುಟ ಬರ್ಕೊಡಮ್ಮ. ಜನದ ಮುಂದೆ ಭಾಷಣ ಮಾಡಿ ಐವತ್ತೈದು ವರ್ಷ ಆಯ್ತು. ತಲೇಲಿ ಏನೂ ಉಳಿದಿಲ್ಲ. ಆ ಬೈಲಪ್ಪಂಗೆ ಮಾತ್ರ ಹೇಳ್ಬೇಡ."

ಅವರು ಹೋದ ಐದೇ ನಿಮಿಷಕ್ಕೆ ಬೈಲಪ್ಪ ತಾತ. "ಒಂದ್ ಪುಟ ಸಾಕು ಮಗಳೇ. ಬೈರಂಗೆ ಗೊತ್ತಾಗ್ಬಾರ್ದು."

ಯಾರ ಪರ ಎಂದು ಅವರಿಬ್ಬರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಜಮೀನ್ದಾರರಾಗಿದ್ದು ಈಗ ಬಾಡಿಗೆ ಎಣಿಸುವ ಬೈರಣ್ಣನ ಹಜಾರದಲ್ಲಿ ಗಾಂಧಿ ಪಟ. ಬಸ್ ಕಂಡಕ್ಟರಾಗಿ ನಿವೃತ್ತರಾದ ಬೈಲಪ್ಪನ ಹಜಾರದಲ್ಲಿ ಅಂಬೇಡ್ಕರ್ ಪಟ. ಮತ್ತೆ ಕೇಳುವುದೇನು? ಪಟ ನೋಡಿದಂತೆ ಬರೆದಳು. ಪ್ರಿಂಟ್ ಕೊಡುವಾಗ ಕರೆಂಟು ಹೋಯಿತು. ಬಂದಾಗ ಎರಡು ಪುಟಗಳೂ ಒಂದರ ಹಿಂದೊಂದು ಬಿಸಿ ಹಪ್ಪಳದಂತೆ ಬಿದ್ದವು. ಗಡಿಬಿಡಿಯಲ್ಲಿ ಎರಡು ಕಂದು ಕವರಿಗೆ ತುಂಬಿ, ಪಿನ್ನು ಹೊಡೆದು ಕೊಟ್ಟಳು.

ಅವಳಿಗೆ ಆ ದಿನ ದೊಡ್ಡ ದಿನ. ಸಂಘದ ಹೊಸ ವಾಚನಾಲಯ ನೋಡಿಕೊಳ್ಳುವ ಕೆಲಸ ಅವಳಿಗೇ ಎಂದು ಕಾರ್ಯದರ್ಶಿ ಸತ್ಯಭಾಮಾ ಮೇಡಂ ಮಾತು ಕೊಟ್ಟಿದ್ದರು. "ನೀನು ಬಾಯೇ ಬಿಡಲ್ವಲ್ಲ, ಲೈಬ್ರರಿಗೆ ನೀನೇ ಸರಿ. ಫಂಕ್ಷನ್ ಕೊನೇಲಿ ಅನೌನ್ಸ್ ಮಾಡ್ತೀನಿ." ದಿನವಿಡೀ ಪುಸ್ತಕಗಳ ನಡುವೆ ಕೂರುವುದು! ಶಾಲೆ ಬಿಟ್ಟಾಗಿನಿಂದ ಅವಳು ಬೇರೇನೂ ಬಯಸಿರಲಿಲ್ಲ.

ಶಾಮಿಯಾನದಲ್ಲಿ ಸತ್ಯಭಾಮಾ ಮೊದಲೇ ಘೋಷಿಸಿದರು: "ಭಾಷಣ ಸ್ವಂತದ್ದೇ ಆಗಿರ್ಬೇಕು." ಕಲ್ಯಾಣಿ ಕುರ್ಚಿಯಲ್ಲೇ ಕುಗ್ಗಿ ಕೂತಳು.

ಬೈರಣ್ಣ ಎದ್ದರು. ಮೈಕು ಕರುವಿನಂತೆ ಅರಚಿತು. ನಡುನಡುವೆ ಕೇಳಿದ್ದಿಷ್ಟು: "ದಯೆಯಿಂದ ಹುಯ್ದ ನೀರು ಯಾರಿಗೆ ಬೇಕು? ಹಕ್ಕಿನಿಂದ ಸೇದ್ಬೇಕು! ನಮ್ಮೂರ ಬಾವಿ ಹತ್ರ ಒಬ್ಬ ಹುಡುಗ ಹೋಗೋ ಹಾಗಿಲ್ಲ ಅಂದ್ರೆ ದೇಶಕ್ಕೆ ಬಂದಿದ್ದು ಯಾವ ಸ್ವಾತಂತ್ರ್ಯ? ಕಾನೂನು ಬೇಕು!"

ಪಕ್ಕದಲ್ಲಿದ್ದ ಬೈರಣ್ಣನ ಹೆಂಡತಿ ನಾರಾಯಣಮ್ಮ ಕಲ್ಯಾಣಿಯನ್ನು ತಿವಿದರು. "ಏನೇ ಇದು? ಗಾಂಧಿ ಪಟಕ್ಕೆ ದಿನಾ ಹೂವ ಮುಡ್ಸೋರು ಅಂಬೇಡ್ಕರ್ ಕಡೆ ಮಾತಾಡ್ತಾವ್ರೆ! ಬೆಳಿಗ್ಗೆ ನಿನ್ ಅಂಗ್ಡೀಗೆ ಬಂದಿದ್ರಲ್ಲ, ಕವರೇನಾದ್ರೂ ಅದಲು ಬದಲಾಯ್ತಾ?"

ಹಕ್ಕು, ಕಾನೂನು, ನೀರು. ಎಲ್ಲ ಬೈಲಪ್ಪನ ಪುಟಕ್ಕೆ ಬರೆದ ಮಾತುಗಳೇ! ಕೈಯಲ್ಲಿ ಹಾಳೆ ಬೇರೆ ಇಲ್ಲ. ಪುಣ್ಯಾತ್ಮ ಬಾಯಿಪಾಠ ಮಾಡಿಕೊಂಡಿದ್ದಾರೆ ಎಂದುಕೊಂಡಳು. ಕುರ್ಚಿಗಳ ಸಂದಿಯಲ್ಲಿ ನುಸುಳಿ ಬೈಲಪ್ಪನ ಬಳಿ ಹೋದಳು.

"ತಾತ, ಕವರ್ ಕೊಡಿ."

"ಈಗ ಜೆರಾಕ್ಸ್ ಬೇಡಮ್ಮ," ಎಂದು ಅವರು ವೇದಿಕೆ ಹತ್ತಿಯೇಬಿಟ್ಟರು. "ಕಾನೂನು ಹಗ್ಗ ಕೊಡುತ್ತೆ, ಬಿಂದಿಗೆ ಕೊಡುತ್ತೆ. ಪಕ್ಕದಲ್ಲಿ ನಿಂತೋನು ಮುಖ ಸಿಂಡರಿಸ್ದೆ ಇರ್ಬೇಕಾದ್ರೆ ಅವನ ಮನಸ್ಸು ಬದಲಾಗ್ಬೇಕು. ಗಾಂಧಿ ಹಿಡಿದದ್ದು ಆ ದಾರಿ!"

"ಅಂಕಲ್, ಸೈಡ್ ಚೇಂಜಾ?" ಹಿಂದಿನಿಂದ ಯಾರೋ ಕೂಗಿದರು. ಜನ ಗೊಳ್ಳೆಂದರು. ಇಬ್ಬರು ಮುದುಕರ ಮಾನ ತನ್ನಿಂದ ಹೋಯಿತೆಂದು ಕಲ್ಯಾಣಿ ವೇದಿಕೆಗೆ ಓಡಿದಳು. ಹುಟ್ಟಿದ ಮೇಲೆ ಮೊದಲ ಸಲ ಮೈಕು ಹಿಡಿದಳು.

"ತಪ್ಪು ಅವರದ್ದಲ್ಲ! ಇಬ್ಬರ ಭಾಷಣಾನೂ ನಾನೇ ಬರ್ದಿದ್ದು. ಕವರು ಅದಲು ಬದಲಾಯ್ತು!"

ಮುದುಕರಿಬ್ಬರೂ ಮುಖ ಮುಖ ನೋಡಿಕೊಂಡರು.

"ನೀನೂ ಬರ್ಸಿದ್ಯೇನೋ ಕಳ್ಳ?" ಎಂದರು ಬೈರಣ್ಣ. ಆಮೇಲೆ ಇವಳ ಕಡೆ ತಿರುಗಿದರು. "ಅಯ್ಯೋ ಹುಚ್ಚಿ, ಅದಲು ಬದಲು ಮಾಡಿದ್ದು ನೀನಲ್ಲ, ಪರಮಶಿವಯ್ಯ ಮೇಷ್ಟ್ರು! ನಿನ್ನದಲ್ಲದ ಕಡೆಯಿಂದ ಮಾತಾಡು, ಆಗ ಕಿವಿ ತೆರೀತದೆ ಅಂತ ಏಳನೇ ಕ್ಲಾಸಲ್ಲಿ ನನಗೆ ಅಂಬೇಡ್ಕರ್, ಇವನಿಗೆ ಗಾಂಧಿ ಕೊಟ್ಟಿದ್ರು. ಇವತ್ತು ಇವನ ಮುಖ ನೋಡಿದ್ದೇ ತಡ, ಅವತ್ತಿನದೆಲ್ಲ ಹಂಗಂಗೇ ಬಂತು."

"ಅವತ್ತು ಭಾಷಣ ಮುಗಿಸಿ ಇವನು ಸೀದಾ ಬಾವಿ ಹತ್ರ ಕರ್ಕೊಂಡೋಗಿ ನನ್ ಕೈಗೆ ಹಗ್ಗ ಕೊಟ್ಟ," ಎಂದರು ಬೈಲಪ್ಪ. "ಇವರಪ್ಪ ಇಬ್ಬರಿಗೂ ಬಾರಿಸಿದ್ರು. ಸಮಾನವಾಗಿ."

"ಆ ಬಾವಿ ನೀರು ಎಷ್ಟು ತಣ್ಣಗಿತ್ತಲ್ಲೋ."

"ಅದರ ಮೇಲೀಗ ಮೊಬೈಲ್ ಅಂಗಡಿ ಕೂತಿದೆ."

ಇಬ್ಬರೂ ಜೇಬಿನಿಂದ ಕವರು ತೆಗೆದರು. ಪಿನ್ನು ಬಿಚ್ಚಿರಲೇ ಇಲ್ಲ.

ಆದರೆ ಬೇರೆಯವರಿಂದ ಬರೆಸಿದ್ದು ಬರೆಸಿದ್ದೇ ಎಂದು ಸತ್ಯಭಾಮಾ ಇಬ್ಬರನ್ನೂ ಸ್ಪರ್ಧೆಯಿಂದ ತೆಗೆದರು. ಮೂರು ನಿಮಿಷದ ಭಾಷಣದಲ್ಲಿ ಎರಡು ನಿಮಿಷ "ಹಲೋ, ಕೇಳುಸ್ತಾ ಇದ್ಯಾ?" ಎಂದಿದ್ದ ಬದರಿನಾಥರಿಗೆ ಹಾಟ್‌ಬಾಕ್ಸ್ ಬಹುಮಾನ ಬಂತು. ಕಲ್ಯಾಣಿಯತ್ತ ನೋಡಿ ಮೇಡಂ ನಿಟ್ಟುಸಿರು ಬಿಟ್ಟರು. "ಲೈಬ್ರರಿಗೆ ಬಾಯಿ ಬಿಡದೋರು ಬೇಕಿತ್ತಮ್ಮ."

ತಾತಂದಿರಿಗೆ ಯಾವುದೂ ತಾಗಲಿಲ್ಲ. ಬಾವಿಕಟ್ಟೆಗೆ ಎಷ್ಟು ಮೆಟ್ಟಿಲಿದ್ದವು ಎಂದು ಜಗಳಕ್ಕೆ ಬಿದ್ದಿದ್ದರು. ಹಂಚುತ್ತಿದ್ದ ಖಾರಾಬೂಂದಿಗೆ ತಟ್ಟೆ ಸಾಲದೆ ಬೈರಣ್ಣ ತಮ್ಮ ಕವರಿನ ಹಾಳೆ ತೆಗೆದು, ಪೊಟ್ಟಣ ಸುತ್ತಿ ಅವಳ ಕೈಗಿಟ್ಟರು.

"ತಗೋಮ್ಮ, ಪಾಪ, ನೀನೇನೂ ತಿಂದಿಲ್ಲ."

ಕಲ್ಯಾಣಿ ಬೂಂದಿ ತಿನ್ನುತ್ತಾ, ಎಣ್ಣೆ ಹೀರಿದ ಹಾಳೆ ಓದುತ್ತಾ ಅಂಗಡಿಯತ್ತ ನಡೆದಳು. ಚೆನ್ನಾಗಿಯೇ ಬರೆದಿದ್ದಳು.