ಸುಧಾಕರನ ಎರಡು ಲೆನ್ಸು

ಫೋನಿನಲ್ಲಿ ತೆಗೆದದ್ದೂ ಒಂದು ಫೋಟೋನೇ? ಹೀಗಂತ ಸುಧಾಕರ ಘೋಷಿಸಿದ್ದು ಮಗಳು ಸಹನಳ ನಾಮಕರಣದ ದಿನ, ಅದೂ ಹೆಂಡತಿ ಶಶಿರೇಖ ತೊಟ್ಟಿಲ ಮುಂದೆ ಫೋನು ಎತ್ತಿದ ಹೊತ್ತಿಗೆ ಸರಿಯಾಗಿ. "ಇವಳ ಮೊದಲನೇ ಹುಟ್ಟುಹಬ್ಬಕ್ಕೆ ನಾನೇ ದೊಡ್ಡ ಕ್ಯಾಮರಾದಲ್ಲಿ ತೆಗೀತೀನಿ. ಗೋಡೆ ಮೇಲೆ ಇಷ್ಟಗಲ ಹಾಕೋಣ" ಎಂದು ಎರಡು ಕೈ ಅಗಲಿಸಿ ತೋರಿಸಿದ. ಪಾಪ, ಶಶಿರೇಖ ನಂಬಿದಳು. ಮಾರನೇ ವಾರವೇ ರಾಬರ್ಟ್‌ಸನ್‌ಪೇಟೆಯಿಂದ ಅಷ್ಟಗಲದ ಫ್ರೇಮು ತಂದು, ಕ್ವಾರ್ಟರ್ಸಿನ ಹಾಲಿನಲ್ಲಿ ಮೊಳೆ ಹೊಡೆದು ಖಾಲಿಯಾಗಿಯೇ ತಗುಲಿಹಾಕಿದಳು.

ಶುರುವಾಯಿತು ನೋಡಿ ಮಹಾನ್ವೇಷಣೆ. ಸುಧಾಕರ ಕೆಜಿಎಫಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಒಂದು ಬೋಲ್ಟನ್ನೂ ಮೂರು ಸಲ ತಿರುಗಿಸಿ ನೋಡದೆ ಒಳಗೆ ಬಿಟ್ಟವನಲ್ಲ, ಇನ್ನು ಕ್ಯಾಮರಾವನ್ನು ಬಿಟ್ಟಾನೆಯೇ? ಹಲ್ಲುಜ್ಜುವಾಗ ವಿಡಿಯೋ, ಉಣ್ಣುವಾಗ ಹೋಲಿಕೆಯ ಪಟ್ಟಿ. ಹೊಸಬರಿಗೆಂದೇ ಮಾಡಿದ ಕ್ಯಾಮರಾಗಳೇ ಆರು ಬಗೆ. ಜೊತೆಗೆ ಬರುವ ಲೆನ್ಸೇ ಸಾಕು ಎಂದು ಒಬ್ಬ ಪಂಡಿತ. ಐವತ್ತು ಎಂಎಂ ಇಲ್ಲದೆ ಮುಖಕ್ಕೆ ಕಳೆ ಬರದು ಎಂದು ಇನ್ನೊಬ್ಬ. ಜೂಮ್ ಇಲ್ಲದವನು ಕ್ಯಾಮರಾ ಮುಟ್ಟಲೇಬಾರದು ಎಂದು ಮತ್ತೊಬ್ಬ.

"ರೀ, ಮಗು ಬೋರಲಾದ್ಳು, ಬನ್ರೀ!"

"ಒಂದ್ನಿಮಿಷ ಕಣೇ. ಹಿನ್ನೆಲೆ ಮಬ್ಬಾಗೋದು ಯಾವ ಲೆನ್ಸಲ್ಲಿ ಚೆನ್ನಾಗಿರುತ್ತೆ ಅಂತ ನೋಡ್ತಿದೀನಿ."

"ನಿಮಗೆ ಕಣ್ಮುಂದಿರೋದೇ ಮಬ್ಬು! ಹಿನ್ನೆಲೆ ಕಟ್ಕೊಂಡು ಏನ್ಮಾಡ್ತೀರಾ?"

ಮಗು ಕೂತಿತು, ಅಂಬೆಗಾಲಿಟ್ಟಿತು, ಎರಡು ಹಲ್ಲೂ ಬಂದವು. ಸುಧಾಕರ ಇನ್ನೂ ಎರಡನೇ ಲೆನ್ಸಿನಲ್ಲೇ ಇದ್ದ. ಕೊನೆಗೆ ರಾಬರ್ಟ್‌ಸನ್‌ಪೇಟೆಯ ಕುಪ್ಪುಸ್ವಾಮಿಯವರನ್ನು ಹಿಡಿದ. ಮೂವತ್ತು ವರ್ಷ ಸ್ಟುಡಿಯೋ ನಡೆಸಿ, ಈಗ ಟೀ ಅಂಗಡಿ ಬೆಂಚಿನ ಮೇಲೆ ವಿಶ್ರಾಂತಿಯಲ್ಲಿರುವ ಹಿರಿಯರು. ಅರ್ಧ ಗಂಟೆ ಲೆನ್ಸ್ ಪುರಾಣ ಕೇಳಿ ಅವರು ಲೋಟ ಕೆಳಗಿಟ್ಟರು.

"ಲೆನ್ಸು ಯಾವ್ದಾದ್ರೂ ಆಗ್ಲಿ ಸಾರ್. ಫಂಕ್ಷನ್‌ಗೆ ಓಗೋ ಮುಂಚೆ ಒಳಗೆ ರೋಲ್ ಐತಾ ನೋಡ್ಕೊಳ್ಳಿ. ಖಾಲಿ ಕ್ಯಾಮರಾದಲ್ಲಿ ನಾನು ಒಂದು ಮದುವೇನೇ ತೆಗೆದಿದೀನಿ."

"ಈಗ ರೋಲ್ ಎಲ್ಲಿ ಅಣ್ಣಾ, ಎಲ್ಲಾ ಡಿಜಿಟಲ್ಲು!" ಎಂದು ಸುಧಾಕರ ನಕ್ಕ. (ನಗಬಾರದಿತ್ತು.)

ಹುಟ್ಟುಹಬ್ಬಕ್ಕೆ ಎರಡು ದಿನವಿದೆ ಅನ್ನುವಾಗ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಂದ. ಕ್ಯಾಮರಾ, ಐವತ್ತು ಎಂಎಂ ಒಂದು, ಜೂಮ್ ಒಂದು, ಮೂರು ಕಾಲಿನ ಸ್ಟ್ಯಾಂಡು. ಲೆನ್ಸ್ ಒರೆಸುವ ಬಟ್ಟೆಯೇ ಮೂರು ಬಣ್ಣದಲ್ಲಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಎರಡೆರಡು ಸಲ ನೋಡಿ ಹಾಕಿದ.

ಸಮಾರಂಭ ಬಂಗಾರಪೇಟೆಯ ಮಾವನ ಮನೆಯಲ್ಲಿ. ಸುಧಾಕರನ ಮೊದಲ ರಾಜಾಜ್ಞೆ: "ಯಾರೂ ಫೋನ್ ಎತ್ತಬಾರ್ದು. ಅಡ್ಡ ಬಂದ್ರೆ ಫೋಟೋ ಹಾಳು!" ಹೆಂಡತಿಯದೂ ಸೇರಿ ಎಲ್ಲರ ಫೋನುಗಳನ್ನು ಮೊರದಲ್ಲಿ ವಸೂಲು ಮಾಡಿ ದೇವರ ಕೋಣೆಗೆ ಸೇರಿಸಿದ. ಅತ್ತೆ ಮುನಿನಾರಾಯಣಮ್ಮನ ಸೊಂಟದಲ್ಲಿದ್ದ ಹಳೇ ಫೋನಿನ ಕಡೆ ಮಾತ್ರ ಅವನ ದೃಷ್ಟಿ ಬೀಳಲಿಲ್ಲ.

ಬಗ್ಗಿದ, ಕುಕ್ಕರಿಸಿದ, ಮಂಡಿಯೂರಿದ. ಒಂದೇ ಕೇಕನ್ನು ನಾಲ್ಕು ಸಲ ಕಟ್ ಮಾಡಿಸಿದ. ಕ್ಲಿಕ್ಕಿಸಿದ್ದೆಲ್ಲ ಪರದೆಯ ಮೇಲೆ ಝಗ್ಗನೆ ಮೂಡುತ್ತಿತ್ತು. ಮೂಲೆಯಲ್ಲಿ ಏನೋ ಕೆಂಪಗೆ ಮಿನುಗುತ್ತಿತ್ತು. ದೊಡ್ಡ ಕ್ಯಾಮರಾ ಎಂದಮೇಲೆ ಏನೇನೋ ಮಿನುಗುತ್ತವೆ ಎಂದು ಬಿಟ್ಟ.

"ಅಳಿಯಂದ್ರೇ, ಬಿರ್ನೆ ಫೋಟೋ ತೆಗೀರಿ, ಕೂಸು ಎದ್ದು ನಿಂತೈತೆ!" ಎಂದರು ಅತ್ತೆ.

"ತಡೀರಿ ಅತ್ತೇ, ಲೆನ್ಸ್ ಬದಲಾಯಿಸ್ತಿದೀನಿ!"

ಹೋ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸುಧಾಕರ ತಲೆ ಎತ್ತುವಷ್ಟರಲ್ಲಿ ಸಹನ ನಾಲ್ಕು ಹೆಜ್ಜೆ ನಡೆದು ಧೊಪ್ಪನೆ ಕೂತಿದ್ದಳು.

ಊಟವಾದ ಮೇಲೆ ನಾದಿನಿ ನವ್ಯ ಲ್ಯಾಪ್‌ಟಾಪ್ ತಂದಳು. ಕ್ಯಾಮರಾದ ಪಕ್ಕದ ಪುಟ್ಟ ಬಾಗಿಲು ತೆರೆದು ಬೆರಳಾಡಿಸಿದಳು.

"ಬಾವಾ, ಕಾರ್ಡ್ ಎಲ್ಲಿ?"

"ಯಾವ ಕಾರ್ಡು?"

"ಮೆಮೊರಿ ಕಾರ್ಡು! ಇದು ಕಾರ್ಡ್ ಇಲ್ದಿದ್ರೂ ಕ್ಲಿಕ್ ಅನ್ನುತ್ತೆ ಬಾವಾ, ಅಂಗಡೀಲಿ ಜನ ಒತ್ತಿ ನೋಡ್ಲಿ ಅಂತ. ಫೋಟೋ ತೋರಿಸುತ್ತೆ, ಇಟ್ಕೊಳ್ಳಲ್ಲ."

ಸುಧಾಕರನ ಕಿವಿಯಲ್ಲಿ ಕುಪ್ಪುಸ್ವಾಮಿಯವರ ಲೋಟ ಟಣ್ಣೆಂದಿತು. ಶಶಿರೇಖ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಮಗಳು ಮೊದಲನೇ ಸಲ ನಡೆದ್ಳು ಕಣ್ರೀ" ಎಂದು ಕಣ್ಣೊರೆಸಿಕೊಂಡಳು. ಅವನಿಗೆ ಭೂಮಿಗೆ ಇಳಿದು ಹೋಗುವಂತಾಯಿತು.

ಆಗ ಅತ್ತೆ ಸೊಂಟದಿಂದ ಫೋನು ತೆಗೆದರು. "ಅಳ್ಬ್ಯಾಡ ಸುಮ್ಕಿರೇ. ನಾನೂ ಒತ್ತಿದೀನಿ, ಏನ್ ಬಿದ್ದೈತೋ ನೋಡು."

ಇಪ್ಪತ್ತಮೂರು ಫೋಟೋ ಬಿದ್ದಿದ್ದವು. ಇಪ್ಪತ್ತೆರಡರಲ್ಲಿ ಮಗುವೂ ಇಲ್ಲ, ಕೇಕೂ ಇಲ್ಲ. ಎದುರಿಗೆ ಬಗ್ಗಿ ನಿಂತ ಸುಧಾಕರನ ಕಂದು ಪ್ಯಾಂಟಿನ ಹಿಂಭಾಗ, ನಾನಾ ಕೋನಗಳಲ್ಲಿ. ಕೊನೆಯದರಲ್ಲಿ ಮಾತ್ರ ಆ ಪ್ಯಾಂಟಿನ ಪಕ್ಕದಿಂದ ಸಹನ ಎರಡು ಕೈ ಚಾಚಿ, ಎರಡು ಹಲ್ಲು ಬಿಟ್ಟು, ಅಪ್ಪನ ಕಡೆಗೇ ನಡೆದು ಬರುತ್ತಿದ್ದಳು. ಅಪ್ಪನ ಕತ್ತು ಬಗ್ಗಿತ್ತು, ಎರಡು ಕೈಯಲ್ಲೂ ಒಂದೊಂದು ಲೆನ್ಸು.

ಫ್ರೇಮು ತುಂಬಿತು. ಈಗ ಮನೆಗೆ ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. "ಅಯ್ಯೋ, ಮಗು ಎಷ್ಟು ಮುದ್ದಾಗಿದೆ! ಅಡ್ಡ ನಿಂತಿದಾರಲ್ಲ, ಇವರು ಯಾರು?"

ಕಾಫಿ ತಟ್ಟೆ ಹಿಡಿದು ಬಂದ ಗಂಡನ ಮುಖ ನೋಡಿಕೊಂಡೇ ಶಶಿರೇಖ ಹೇಳುತ್ತಾಳೆ: "ಅವರಾ? ಫೋಟೋಗ್ರಾಫರು."